ಎಲೀಸ್‌ನ ಹಗುರ ನಡೆ

ವೇಗದ ಕಾರಿಗೆ ಗಡುಸಾದ ಸ್ಪ್ರಿಂಗ್ ಇರಲೇಬೇಕೆಂಬುದು ಹಲವರ ನಂಬಿಕೆ. ಅದನ್ನು ಸುಳ್ಳಾಗಿಸಿದ ಕಾರು ಲೋಟಸ್ ಎಲೀಸ್. ಇಂಗ್ಲೆಂಡಿನ ಹೆಥೆಲ್‌ನಲ್ಲಿ ತಯಾರಾಗಿ 1996ರಲ್ಲಿ ರಸ್ತೆಗಿಳಿದ ಮೊದಲ ಎಲೀಸ್‌ಗೆ ಇದ್ದದ್ದು 118 ಅಶ್ವಶಕ್ತಿ ಮಾತ್ರ. ಆದರೂ ತಿರುವುಗಳಲ್ಲಿ ಅದರ ಚುರುಕು ಬೆರಗು ಹುಟ್ಟಿಸುವಂಥದ್ದು.

ಅಲ್ಯೂಮಿನಿಯಂ ಭಾಗಗಳನ್ನು ಎಪಾಕ್ಸಿಯಿಂದ ಅಂಟಿಸಿದ ಚಾಸಿ ಸುಮಾರು 68 ಕಿಲೋ. ಇಡೀ ಕಾರು 725 ಕಿಲೋ ಆಸುಪಾಸು. ಹೊರಬೇಕಾದ ಭಾರವೇ ಕಡಿಮೆಯಾದ್ದರಿಂದ ಸ್ಪ್ರಿಂಗ್ ಮೆದುವಾಗಿದ್ದರೂ ಸಾಕು. ಚಾಸಿ ಬಾಗದೆ ಗಟ್ಟಿಯಾಗಿ ನಿಲ್ಲುವುದರಿಂದ ಸಸ್ಪೆನ್ಷನ್ ತನ್ನ ಕೆಲಸವನ್ನು ನಿಖರವಾಗಿ ಮಾಡುತ್ತದೆ.

ನಾಲ್ಕೂ ಚಕ್ರಗಳಿಗೆ ಡಬಲ್ ವಿಶ್‌ಬೋನ್: ಮೇಲೊಂದು, ಕೆಳಗೊಂದು ತೋಳು. ತಿರುವಿನಲ್ಲಿ ಬಾಡಿ ಹೊರಕ್ಕೆ ವಾಲಿದರೂ ಈ ತೋಳುಗಳು ಚಕ್ರವನ್ನು ಅದರಷ್ಟೇ ವಾಲಲು ಬಿಡುವುದಿಲ್ಲ. ಟೈರ್ ರಸ್ತೆಯ ಮೇಲೆ ಅಂಗಾಲೂರಿ ನಿಲ್ಲುತ್ತದೆ. ಉಬ್ಬು ಬಂದರೆ ಸ್ಪ್ರಿಂಗ್ ನುಂಗುತ್ತದೆ, ಡ್ಯಾಂಪರ್ ಅದರ ಕುಣಿತವನ್ನು ಅಲ್ಲೇ ಅಡಗಿಸುತ್ತದೆ. ಪವರ್ ಸ್ಟೀರಿಂಗ್ ಇಲ್ಲದ್ದರಿಂದ ಮುಂಚಕ್ರಗಳ ಹಿಡಿತ ಎಷ್ಟು ಉಳಿದಿದೆಯೆಂಬುದು ಅಂಗೈಗೇ ತಿಳಿಯುತ್ತದೆ.

ಕಾರನ್ನು ಮೆಚ್ಚುವಾಗ ಅಶ್ವಶಕ್ತಿಯ ಅಂಕಿಯಲ್ಲೇ ನಿಲ್ಲಬೇಡಿ. ಬಗ್ಗಿ ಚಕ್ರದ ಹಿಂದಿನ ಆ ತೋಳುಗಳನ್ನೂ ಒಮ್ಮೆ ನೋಡಿ.