ಕುಂಟಾ ಕಿಂಟೆ ಮತ್ತು ಕೌಂಟಿ ಕಚೇರಿಯ ದಫ್ತರ

ಅಲೆಕ್ಸ್ ಹೇಲಿಯವರ 'ರೂಟ್ಸ್' 1976ರಲ್ಲಿ ಪ್ರಕಟವಾಯಿತು. ಮರುವರ್ಷದ ಜನವರಿಯಲ್ಲಿ ಅದು ಧಾರಾವಾಹಿಯಾಗಿ ಎಂಟು ರಾತ್ರಿ ಟಿ.ವಿ.ಯಲ್ಲಿ ಬಂದಾಗ ಕೋಟ್ಯಂತರ ಅಮೆರಿಕನ್ನರು ನೋಡಿದರು. 1977ರಲ್ಲೇ ಪುಲಿಟ್ಜರ್ ಸಮಿತಿಯ ವಿಶೇಷ ಗೌರವವೂ ಸಂದಿತು. ಈ ಪುಸ್ತಕದ ಮಾತು ಬಂದಾಗ ನಮ್ಮ ನಡುವೆ ಎರಡೇ ಬಗೆಯ ಅಭಿಪ್ರಾಯ ಕೇಳಿಬರುತ್ತದೆ. ಗುಲಾಮಗಿರಿಯ ನೋವನ್ನು ಜಗತ್ತಿನ ಮನೆಮನೆಗೆ ಮುಟ್ಟಿಸಿದ ಮಹಾಕೃತಿ ಎಂಬುದು ಒಂದು. ಅದರ ನಾಯಕ ಕುಂಟಾ ಕಿಂಟೆ ನಮಾಝ್ ಮಾಡುವ, ಊರಿನ ಉಸ್ತಾದರಲ್ಲಿ ಕುರ್‌ಆನ್ ಕಲಿತ ಹುಡುಗನಾದ್ದರಿಂದ ಮುಸ್ಲಿಂ ಓದುಗರಿಗೆ ಆತ ಇನ್ನಷ್ಟು ಹತ್ತಿರದವನು. 'ಅದೆಲ್ಲ ಕಟ್ಟುಕಥೆ ಅಂತ ಯಾವಾಗಲೋ ಸಾಬೀತಾಯ್ತಲ್ಲ' ಎಂಬುದು ಇನ್ನೊಂದು. ಎರಡೂ ಕಡೆಯವರು ಗಮನಿಸದೆ ಬಿಟ್ಟ ಒಂದು ಸ್ಥಳವಿದೆ. ಅದು ವರ್ಜೀನಿಯಾದ ಸ್ಪಾಟ್ಸಿಲ್ವೇನಿಯಾ ಕೌಂಟಿಯ ದಫ್ತರ.

ಅಮೆರಿಕದಲ್ಲಿ ಕೌಂಟಿಗಳು ಮೂರು ಸಾವಿರಕ್ಕೂ ಹೆಚ್ಚು. ನಮ್ಮ ಅಳತೆಯಲ್ಲಿ ಜಿಲ್ಲೆಗೂ ತಾಲೂಕಿಗೂ ನಡುವಿನದು ಎನ್ನಬಹುದು. ಕೋರ್ಟು, ಸಬ್ ರಿಜಿಸ್ಟ್ರಾರ್ ಕಚೇರಿ, ತಹಶೀಲ್ದಾರರ ಕಚೇರಿ ಮೂರೂ ಒಂದೇ ಸೂರಿನಡಿ ಸೇರಿದರೆ ಹೇಗೋ ಹಾಗೆ ಅಲ್ಲಿಯ ಕೌಂಟಿ ಕಚೇರಿ. ಜಮೀನಿನ ಕ್ರಯಪತ್ರ, ಉಯಿಲು, ಸತ್ತವರ ಆಸ್ತಿಯ ಪಟ್ಟಿ, ಮದುವೆ ನೋಂದಣಿ, ತೆರಿಗೆ ಲೆಕ್ಕ ಎಲ್ಲವೂ ಅಲ್ಲಿ. ಬಿಳಿಯ ಕುಟುಂಬದವನೊಬ್ಬ ತನ್ನ ಮುತ್ತಜ್ಜನನ್ನು ಹುಡುಕಿಕೊಂಡು ಅಲ್ಲಿಗೆ ಹೋದರೆ ಹೆಸರು ಹಿಡಿದು ಪುಟ ತಿರುವಿದರಾಯಿತು. ಕಪ್ಪು ಕುಟುಂಬದವನಿಗೆ ಆ ದಾರಿ 1870ಕ್ಕೆ ನಿಂತುಬಿಡುತ್ತದೆ. ಕಪ್ಪು ಜನರೆಲ್ಲರ ಹೆಸರನ್ನೂ ಬರೆದುಕೊಂಡ ಮೊದಲ ಜನಗಣತಿ ಆ ವರ್ಷದ್ದು. ಅದಕ್ಕೂ ಹಿಂದಿನ 1850 ಮತ್ತು 1860ರ ಗಣತಿಗಳಲ್ಲಿ ಗುಲಾಮರಿಗೇ ಒಂದು ಪ್ರತ್ಯೇಕ ಪಟ್ಟಿ ಇತ್ತು. ಅದರಲ್ಲಿ ಒಡೆಯನ ಹೆಸರು, ಕೆಳಗೆ ವಯಸ್ಸು, ಲಿಂಗ, ಮೈಬಣ್ಣ. ಮನುಷ್ಯರ ಹೆಸರಿಗೆ ಸಾಮಾನ್ಯವಾಗಿ ಜಾಗವೇ ಇಲ್ಲ.

1870ರಿಂದ ಹಿಂದೆ ಹೋಗಬೇಕೆಂದರೆ ಒಡೆಯನನ್ನು ಹುಡುಕಬೇಕು. ತನ್ನ ಅಜ್ಜನ ಅಜ್ಜಿ ಯಾರೆಂದು ತಿಳಿಯಲು ಆಕೆಯನ್ನು ಕೊಂಡವನ ವಂಶಾವಳಿಯನ್ನು ಬಾಯಿಪಾಠ ಮಾಡಬೇಕು. ಅವನು ಯಾವಾಗ ಸತ್ತ, ಆಸ್ತಿ ಹೇಗೆ ಪಾಲಾಯಿತು, ಮಗಳ ಮದುವೆಗೆ ಏನೇನು ಕೊಟ್ಟ, ಸಾಲಕ್ಕೆ ಏನನ್ನು ಅಡವಿಟ್ಟ ಎಂದೆಲ್ಲ ನೋಡಬೇಕು. ಕುದುರೆ, ಮಂಚ, ತಾಮ್ರದ ಹಂಡೆಗಳ ಸಾಲಿನಲ್ಲಿ ಬೆಲೆ ಸಮೇತ ಒಂದು ಹೆಸರು ಸಿಕ್ಕರೆ ಅದೇ ಆಕೆ. ಆಕೆಯ ಮಕ್ಕಳು ಯಾರೆಂದು ತಿಳಿಯುವುದೂ ಹೆಚ್ಚಾಗಿ ಅವರನ್ನು ಬೇರೆ ಬೇರೆ ವಾರಸುದಾರರಿಗೆ ಹಂಚಿದ ಕಾಗದದಿಂದಲೇ. ಕುಟುಂಬವನ್ನು ಒಡೆದ ಕಾಗದವೇ ಕುಟುಂಬವಿತ್ತು ಎಂಬುದಕ್ಕೆ ಸಾಕ್ಷಿ. ಇನ್ನು ಅಂತರ್ಯುದ್ಧದಲ್ಲಿ ವರ್ಜೀನಿಯಾದ ಹಲವು ಕೌಂಟಿಗಳ ದಾಖಲೆಗಳು ಸುಟ್ಟೇ ಹೋದವು. ಆ ಕಡೆಯವರಿಗೆ ಇಷ್ಟೂ ಇಲ್ಲ.

ಹೇಲಿ ಈ ಹಾದಿಯಲ್ಲಿ ಹೊರಟದ್ದು ಸರಿಯಾದ ಜಾಗದಿಂದಲೇ. ಟೆನೆಸಿಯ ಹೆನ್ನಿಂಗ್ ಎಂಬ ಊರಿನ ಮನೆಯ ಜಗಲಿಯಲ್ಲಿ ಅಜ್ಜಿ ಮತ್ತು ಅವಳ ಸಂಬಂಧಿಕರು 'ಆಫ್ರಿಕದವನ' ಬಗ್ಗೆ ಹೇಳುತ್ತಿದ್ದ ಮಾತುಗಳು ಅವರ ಬಳಿ ಇದ್ದವು. ಅದನ್ನು ಹಿಡಿದು ವಾಷಿಂಗ್ಟನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿ ನಾರ್ತ್ ಕೆರೊಲಿನಾದ ಅಲಮಾನ್ಸ್ ಕೌಂಟಿಯ 1870ರ ಗಣತಿಯನ್ನು ತೆಗೆದರು. ಟಾಮ್ ಮರ್ರಿ, ಕಮ್ಮಾರ, ಹೆಂಡತಿ ಐರೀನ್. ಅಜ್ಜಿ ಹೇಳಿದ ಹೆಸರುಗಳು ಸರ್ಕಾರಿ ಕಾಗದದಲ್ಲಿ ಎದ್ದು ಬಂದವು. ಪುಸ್ತಕದ ಈ ಭಾಗವನ್ನು ಯಾವ ಟೀಕಾಕಾರರೂ ಅಲ್ಲಾಡಿಸಿಲ್ಲ.

ಆಮೇಲೆ ಹೇಲಿ ಗ್ಯಾಂಬಿಯಾದ ಜುಫುರೆಗೆ ಹೋದರು. ಅಲ್ಲಿ ಕೆಬ್ಬಾ ಕಾಂಜಿ ಫೋಫಾನಾ ಎಂಬ ಮುದುಕರು ಕಿಂಟೆ ವಂಶದ ಕತೆಯನ್ನು ಹೇಳಿದರು. ಅವರು ಗ್ರಿಯೋ ಎಂದು ಹೇಲಿ ನಂಬಿದರು. ನಮ್ಮ ಉತ್ತರ ಕರ್ನಾಟಕದಲ್ಲಿ ಹೆಳವರು ಮನೆಮುಂದೆ ನಿಂತು ತಲೆತಲಾಂತರದ ಹೆಸರುಗಳನ್ನು ಹೇಳುವುದನ್ನು ಕೇಳಿದವರಿಗೆ ಗ್ರಿಯೋ ಎಂದರೆ ಯಾರೆಂದು ಬಿಡಿಸಿ ಹೇಳಬೇಕಿಲ್ಲ. ಆದರೆ ಫೋಫಾನಾ ಆ ವೃತ್ತಿಯ ಪರಂಪರೆಯವರಲ್ಲ, ಅತಿಥಿಗೆ ಏನು ಬೇಕೆಂಬುದು ಅವರಿಗೆ ಮೊದಲೇ ಗೊತ್ತಿತ್ತು ಎಂದು 1977ರ ಏಪ್ರಿಲ್‌ನಲ್ಲಿ ಲಂಡನ್ನಿನ ಪತ್ರಕರ್ತ ಮಾರ್ಕ್ ಓಟ್ಟವೇ ಬರೆದರು. ಇತಿಹಾಸಕಾರ ಡೊನಾಲ್ಡ್ ರೈಟ್ 1981ರಲ್ಲಿ ಅದನ್ನು ಇನ್ನಷ್ಟು ವಿವರವಾಗಿ ತೋರಿಸಿದರು. ಅತಿಥಿಯ ಮನಸ್ಸನ್ನು ನೋಯಿಸಬಾರದೆಂಬ ಮರ್ಯಾದೆ ಎಲ್ಲ ಹಳ್ಳಿಗಳಲ್ಲೂ ಇದೆ. ಅದರಲ್ಲಿ ಮೋಸ ಹುಡುಕುವುದು ನಮಗೆ ಇಷ್ಟವಿಲ್ಲ.

ನಮ್ಮ ತಕರಾರು ಇರುವುದು ಮುಂದಿನ ಹೆಜ್ಜೆಯ ಬಗ್ಗೆ. ಗ್ಯಾಂಬಿಯಾದಿಂದ ಹೊರಟ ಲಾರ್ಡ್ ಲಿಗೋನಿಯರ್ ಎಂಬ ಹಡಗು 1767ರ ಸೆಪ್ಟೆಂಬರ್ 29ರಂದು ಅನಾಪೊಲಿಸ್ ಬಂದರು ಸೇರಿತೆಂದು ಹೇಲಿ ಕಂಡುಕೊಂಡರು. ಹಡಗು ನಿಜ, ತಾರೀಖೂ ನಿಜ. ತನ್ನ ಪೂರ್ವಜ ಬಂದದ್ದು ಇದರಲ್ಲೇ ಎಂದು ನಿಶ್ಚಯಿಸಿಕೊಂಡ ಮೇಲೆ ಅವರು ರಿಚ್‌ಮಂಡ್‌ಗೆ ಹೋಗಿ ಸ್ಪಾಟ್ಸಿಲ್ವೇನಿಯಾ ಕೌಂಟಿಯ ಕ್ರಯಪತ್ರಗಳನ್ನು ತೆರೆದರು, ಆದರೆ 1767ರ ಸೆಪ್ಟೆಂಬರ್ ನಂತರದವುಗಳನ್ನು ಮಾತ್ರ. ಇದನ್ನು ಪುಸ್ತಕದ ಕೊನೆಯ ಭಾಗದಲ್ಲಿ ಅವರೇ ಹೇಳಿದ್ದಾರೆ. 1768ರ ಸೆಪ್ಟೆಂಬರ್ 5ರ ಒಂದು ಪತ್ರ ಸಿಕ್ಕಿತು. ಜಾನ್ ವಾಲರ್ ತನ್ನ ಸಹೋದರ ವಿಲಿಯಂಗೆ ಜಮೀನಿನ ಜೊತೆ ಬಿಟ್ಟುಕೊಟ್ಟ ಆಸ್ತಿಯಲ್ಲಿ ಟೋಬಿ ಎಂಬ ಗುಲಾಮನೂ ಇದ್ದ. ಈ ಟೋಬಿಯೇ ಕುಂಟಾ ಕಿಂಟೆ ಎಂದು ಹೇಲಿ ಬರೆದರು. ಜಗತ್ತು ನಂಬಿತು.

ಗೆರಿ ಮಿಲ್ಸ್ ಮತ್ತು ಎಲಿಜಬೆತ್ ಶೋನ್ ಮಿಲ್ಸ್ ದಂಪತಿ ಅದೇ ದಫ್ತರದಲ್ಲಿ ಹಿಂದಿನ ಪುಟಗಳನ್ನೂ ತಿರುವಿದರು. ವರ್ಜೀನಿಯಾದ ಇತಿಹಾಸ ಪತ್ರಿಕೆಯೊಂದರಲ್ಲಿ 1981ರಲ್ಲಿ ಬಂದ ಅವರ ಲೇಖನದ ಪ್ರಕಾರ ವಾಲರ್ ಕುಟುಂಬದ ಬಳಿ ಟೋಬಿ 1762ರಲ್ಲೇ ಇದ್ದ. ಹಡಗು ಬರುವುದಕ್ಕೆ ಐದು ವರ್ಷ ಮೊದಲು! 1782ರ ತೆರಿಗೆ ಪಟ್ಟಿಯ ಹೊತ್ತಿಗೆ ಆತನ ಹೆಸರು ಕಾಣೆಯಾಗಿದೆ, ಬಹುಶಃ ತೀರಿಕೊಂಡಿದ್ದಾನೆ. ಪುಸ್ತಕದಲ್ಲಿ ಅವನ ಮಗಳು ಕಿಝಿ ಹುಟ್ಟುವುದು 1790ರಲ್ಲಿ. ಕಾಗದದಲ್ಲಿ ಕಿಝಿಯ ಸುಳಿವು ಎಲ್ಲೂ ಇಲ್ಲ.

ಹೇಲಿಯ ಪರ ವಾದಿಸುವವರು, ಗುಲಾಮರ ವಿಷಯದಲ್ಲಿ ಒಡೆಯರ ಕಾಗದವನ್ನು ನಂಬುವುದು ಹೇಗೆ ಎನ್ನುತ್ತಾರೆ. ಒಪ್ಪತಕ್ಕ ಮಾತು. ಕಿಝಿಯ ಹೆಸರು ಸಿಗಲಿಲ್ಲವೆಂದ ಮಾತ್ರಕ್ಕೆ ಅಂಥ ಒಬ್ಬ ಹುಡುಗಿ ಇರಲೇ ಇಲ್ಲವೆನ್ನಲು ಬಾರದು. ಆದರೆ 1762ರ ಟೋಬಿ ಇಲ್ಲದವನಲ್ಲ, ಇದ್ದವನು. ಅದು ಮೌನವಲ್ಲ, ಮಾತು. ಜೊತೆಗೆ ಈ ಕಾಗದವನ್ನು ಸಾಕ್ಷಿಯಾಗಿ ಕರೆದವರು ಸ್ವತಃ ಹೇಲಿ. ನಮಗೆ ಬೇಕಾದುದನ್ನು ಹೇಳುವವರೆಗೆ ಸಾಕ್ಷಿಯನ್ನು ಕೂರಿಸಿಕೊಂಡು, ಆಮೇಲೆ ಅದರ ನಡತೆ ಸರಿಯಿಲ್ಲ ಎನ್ನುವುದು ನ್ಯಾಯವೇ?

ನಾವು ಕತೆ ಬರೆಯುವವರು. ಹೇಲಿ ಕಲ್ಪನೆಯನ್ನು ಬೆರೆಸಿದರೆಂದು ಅವರನ್ನು ದೂರಲಾರೆವು. ಹಡಗಿನ ತಳದ ಕತ್ತಲೆಯನ್ನು ಯಾವ ದಫ್ತರವೂ ಬರೆದಿಡುವುದಿಲ್ಲ, ಅದನ್ನು ಕತೆಗಾರನೇ ಬರೆಯಬೇಕು. (ಅಲ್ಲಿಯೂ ಒಂದು ಕಲೆ ಉಳಿಯಿತು. ಹೆರಾಲ್ಡ್ ಕೂರ್ಲಾಂಡರ್ ಅವರ 1967ರ ಕಾದಂಬರಿಯ ಕೆಲವು ಭಾಗಗಳು 'ರೂಟ್ಸ್'ನಲ್ಲಿ ಸೇರಿಕೊಂಡಿದ್ದ ಮೊಕದ್ದಮೆ 1978ರಲ್ಲಿ ಆರೂವರೆ ಲಕ್ಷ ಡಾಲರಿಗೆ ರಾಜಿಯಾಯಿತು.) ನಮ್ಮನ್ನು ಕಾಡುವುದು ಬೇರೆ. ಸ್ಪಾಟ್ಸಿಲ್ವೇನಿಯಾದಲ್ಲಿ ಟೋಬಿ ಎಂಬ ಒಬ್ಬ ಮನುಷ್ಯ ನಿಜವಾಗಿಯೂ ಬದುಕಿದ್ದ. ಅವನು ಎಲ್ಲಿಂದ ಬಂದ, ಅಲ್ಲೇ ಹುಟ್ಟಿದವನೇ, ಅವನಿಗೊಬ್ಬ ತಾಯಿ ಇದ್ದಳಲ್ಲ, ಅವಳ ಹೆಸರೇನು? ಒಡೆಯ ಅವನ ಹೆಸರನ್ನು ಆಸ್ತಿಪತ್ರದಲ್ಲಿ ಬರೆದ. ಇನ್ನೂರು ವರ್ಷದ ನಂತರ ಆ ಹೆಸರಿನ ಮೇಲೆ ಬೇರೊಬ್ಬನ ಬದುಕನ್ನು ಕೂರಿಸಲಾಯಿತು. ಈಗ ಜಗತ್ತೆಲ್ಲ ಆ ಹೆಸರು ಕೇಳಿದೆ, ಅವನನ್ನು ಮಾತ್ರ ಯಾರೂ ಕೇಳುತ್ತಿಲ್ಲ.

ಈ ಚಾಳಿ ಅಮೆರಿಕಕ್ಕೆ ಸೀಮಿತವೂ ಅಲ್ಲ. ನಮ್ಮ ಮನೆತನಗಳ ಎಷ್ಟೋ ಶಜರಾಗಳಲ್ಲಿ ಮೇಲಿನ ತುದಿ ಅರಬ್‌ಸ್ತಾನದಲ್ಲಿ ಮೊದಲೇ ನಿಂತಿರುತ್ತದೆ. ನಡುವಿನ ಕೊಂಡಿಗಳನ್ನು ಆಮೇಲೆ ಸೇರಿಸುತ್ತಾರೆ. ಅದರ ಭರದಲ್ಲಿ ಇಲ್ಲೇ ನೇಯ್ದ, ಉತ್ತ, ಕಲ್ಲು ಒಡೆದ ಅಜ್ಜಂದಿರು ಜಾರಿಹೋಗುತ್ತಾರೆ.

'ರೂಟ್ಸ್' ಬಂದ ಮರುವರ್ಷವೇ, 1977ರಲ್ಲಿ, ಟೆರಿ ಅಲ್ಫೋರ್ಡ್ ಅವರ 'ಪ್ರಿನ್ಸ್ ಅಮಂಗ್ ಸ್ಲೇವ್ಸ್' ಪ್ರಕಟವಾಯಿತು. ಇದೂ ಪಶ್ಚಿಮ ಆಫ್ರಿಕದ ಮುಸ್ಲಿಮನೊಬ್ಬನ ಕತೆ. ಹೇಲಿಯ ಪುಸ್ತಕದ ಸದ್ದಿನಲ್ಲಿ ನಮ್ಮ ಕಡೆ ಇದರ ಹೆಸರು ಕೇಳಿದವರೇ ಕಡಿಮೆ. ಫೂಟಾ ಜಲ್ಲೋನ್ ರಾಜ್ಯದ ಟಿಂಬೊ ನಗರದ ಅಬ್ದುಲ್ ರಹ್ಮಾನ್ ಇಬ್ರಾಹೀಮಾ ಯುದ್ಧದಲ್ಲಿ ಸೆರೆಯಾಗಿ 1788ರಲ್ಲಿ ಮಿಸಿಸಿಪ್ಪಿಯ ನ್ಯಾಚೆಝ್‌ನಲ್ಲಿ ಥಾಮಸ್ ಫಾಸ್ಟರ್ ಎಂಬ ರೈತನಿಗೆ ಮಾರಾಟವಾದರು. ಆಗ ಅಲ್ಲಿ ಸ್ಪೇನ್‌ನ ಆಳ್ವಿಕೆ. ಆ ವರ್ಷದ ಆಗಸ್ಟ್ 18ರ ಮಾರಾಟ ಪತ್ರ ಇಂದಿನ ಆಡಮ್ಸ್ ಕೌಂಟಿಯ ದಾಖಲೆಗಳಲ್ಲಿ ಉಳಿದಿತ್ತು. ಅಲ್ಫೋರ್ಡ್ ಅಂಥ ಹಳೆಯ ಕಾಗದಗಳ ಬೆನ್ನು ಹಿಡಿದು ಹೋದರು. 1807ರಲ್ಲಿ ಜಾನ್ ಕಾಕ್ಸ್ ಎಂಬ ವೈದ್ಯ ಇಬ್ರಾಹೀಮಾರನ್ನು ಸಂತೆಯ ದಾರಿಯಲ್ಲಿ ಗುರುತಿಸಿದ. ಹಿಂದೊಮ್ಮೆ ಟಿಂಬೊದಲ್ಲಿ ಕಾಯಿಲೆ ಬಿದ್ದಿದ್ದ ಅವನನ್ನು ಉಪಚರಿಸಿದ್ದು ಇದೇ ಇಬ್ರಾಹೀಮಾರ ಮನೆತನ. ಅವನು ಬಿಡಿಸಲು ಕೇಳಿದರೂ ಫಾಸ್ಟರ್ ಒಪ್ಪಲಿಲ್ಲ. 1826ರಲ್ಲಿ ಇಬ್ರಾಹೀಮಾ ಬರೆದುಕೊಟ್ಟ ಅರಬಿ ಕಾಗದವೊಂದು ಮೊರೊಕ್ಕೊ ತಲುಪಿತು. ಅಮೆರಿಕ ಸರ್ಕಾರ ಅವರನ್ನು ಆ ದೇಶದವರೆಂದೇ ತಿಳಿದು ಮಧ್ಯೆ ಬಂತು. ನಲವತ್ತು ವರ್ಷದ ನಂತರ, 1828ರಲ್ಲಿ, ಬಿಡುಗಡೆ. ಮರುವರ್ಷ ಲೈಬೀರಿಯಾ ತಲುಪಿ ಕೆಲವೇ ತಿಂಗಳಲ್ಲಿ ತೀರಿಕೊಂಡರು. ಟಿಂಬೊ ಕಾಣಲಿಲ್ಲ.

ಕಾದಂಬರಿಕಾರನೊಬ್ಬ ಇದನ್ನು ಕಲ್ಪಿಸಿದ್ದರೆ ನಾವು 'ತೀರಾ ಸಿನಿಮೀಯ' ಎನ್ನುತ್ತಿದ್ದೆವು. ಹೇಲಿಯ ಭಾಷೆಯ ಬಿಸಿ ಅಲ್ಫೋರ್ಡ್‌ರಲ್ಲಿ ಇಲ್ಲ. ಇಬ್ರಾಹೀಮಾರ ಹೆಂಡತಿ ಇಸಬೆಲ್ಲಾರಂತೂ ಪುಸ್ತಕದಲ್ಲಿ ಮಸುಕಾಗಿಯೇ ಉಳಿಯುತ್ತಾರೆ. ಆದರೂ ನಾವು ಈ ಪುಸ್ತಕವನ್ನೇ ಮೇಲೆಂದು ಹೇಳುತ್ತೇವೆ. ಇಲ್ಲಿ ಕತೆ ಕಾಗದದ ಹಿಂದೆ ನಡೆಯುತ್ತದೆ, ಕಾಗದವನ್ನು ಕತೆಯ ಹಿಂದೆ ಎಳೆದಿಲ್ಲ.

ಎಳೆಯುವುದು ಸುಲಭ ಎಂಬುದಕ್ಕೆ ಜಾರ್ಜಿಯಾದ ಸಪೆಲೊ ದ್ವೀಪದ ಬಿಲಾಲಿ ಮುಹಮ್ಮದ್ ಬರೆದಿಟ್ಟ ಹದಿಮೂರು ಪುಟಗಳ ಅರಬಿ ಹಸ್ತಪ್ರತಿಯೂ ಉದಾಹರಣೆ. ಅದನ್ನು ಗುಲಾಮನೊಬ್ಬನ ದಿನಚರಿ ಎಂದು ಬಹುಕಾಲ ನಂಬಿದ್ದರು. ಜೋಸೆಫ್ ಗ್ರೀನ್‌ಬರ್ಗ್ ಅದನ್ನು ನೈಜೀರಿಯಾದ ಕಾನೊ ನಗರದ ಆಲಿಮ್‌ಗಳಿಗೆ ತೋರಿಸಿದಾಗ ಅದು ಮಾಲಿಕಿ ಫಿಕ್‌ಹ್‌ನ ಪ್ರಸಿದ್ಧ ಗ್ರಂಥವಾದ 'ರಿಸಾಲಾ'ದ ಭಾಗಗಳೆಂದು ತಿಳಿಯಿತು. ದಿನಚರಿ ಬೇಕಿದ್ದವರಿಗೆ ನಿರಾಸೆಯಾಗಿರಬಹುದು. ಗದ್ದೆ ತೋಟಗಳ ಜೀತದ ನಡುವೆ ವುಝೂ, ನಮಾಝ್‌ಗಳ ನಿಯಮವನ್ನು ನೆನಪಿನಿಂದ ಕಾಗದಕ್ಕಿಳಿಸಿದ ಕೈ ನಮಗೆ ದಿನಚರಿಗಿಂತ ಕಡಿಮೆ ಹೇಳುವುದಿಲ್ಲ.

ವರ್ಜೀನಿಯಾದ ಫೇರ್‌ಫ್ಯಾಕ್ಸ್ ಕೌಂಟಿಗೆ ಸೇರಿದ ಇನ್ನೊಂದು ಪಟ್ಟಿಯಿದೆ. 1774ರಲ್ಲಿ ಮೌಂಟ್ ವೆರ್ನನ್ ಎಸ್ಟೇಟಿನ ಒಡೆಯ ಜಾರ್ಜ್ ವಾಷಿಂಗ್ಟನ್ ತೆರಿಗೆಗಾಗಿ ತನ್ನ ಆಳುಗಳ ಹೆಸರು ಬರೆದದ್ದು. ಅದರಲ್ಲಿ 'ಫಾತಿಮರ್' ಮತ್ತು 'ಲಿಟ್ಲ್ ಫಾತಿಮರ್' ಎಂಬ ಇಬ್ಬರು ಹೆಂಗಸರಿದ್ದಾರೆ. ಫಾತಿಮಾ ಎಂಬುದು ಬರೆದವನ ಕಿವಿಗೆ ಹಾಗೆ ಕೇಳಿರಬೇಕು. ತಾಯಿ ಮಗಳೆಂದು ವಿದ್ವಾಂಸರ ಊಹೆ. 'ಲಿಟ್ಲ್' ಎಂಬುದನ್ನು ಓದಿದ ಕೂಡಲೇ ಕತೆಗಾರನ ಕಣ್ಣಿಗೆ ತಾಯಿಯ ಸೆರಗು ಹಿಡಿದ ಪುಟ್ಟ ಹುಡುಗಿ ಬಂದು ನಿಲ್ಲುತ್ತಾಳೆ. ಆದರೆ ಆಗಿನ ವರ್ಜೀನಿಯಾದ ಕಾಯಿದೆಯಲ್ಲಿ ಗುಲಾಮರ ಮೇಲೆ ಈ ತೆರಿಗೆ ಬೀಳುತ್ತಿದ್ದದ್ದು ಹದಿನಾರು ತುಂಬಿದ ಮೇಲೆ. ಹಾಗಾಗಿ ಅವಳು ಮಗುವಲ್ಲ, ಒಡೆಯನ ಹೊಲದಲ್ಲಿಯೋ ಮನೆಯಲ್ಲಿಯೋ ಪೂರ್ತಿ ದುಡಿಮೆಗೆ ಬಿದ್ದ ಹೆಣ್ಣು. ಮಗಳಿಗೂ ಅದೇ ಹೆಸರು ಇಟ್ಟವರು ಯಾರು, ಆ ಹೆಸರನ್ನು ಅವರು ಮನೆಯೊಳಗೆ ಹೇಗೆ ಕರೆದುಕೊಳ್ಳುತ್ತಿದ್ದರು ಎಂಬುದನ್ನು ಆ ಪಟ್ಟಿ ಹೇಳುವುದಿಲ್ಲ.