ಪೇಟೆಗೆ ಬಾರದ ಹಣ್ಣು

ನಮ್ಮ ಮನೆಯ ಬೂದಿ ಮೊನ್ನೆಯಿಂದ ಹುಲ್ಲಿನ ಮೇಲೆ ಮಲಗತೊಡಗಿದೆ. ಬೂದಿ ಅಂದರೆ ಬೆಕ್ಕು. ಬಣ್ಣ ನೋಡಿ ಇಟ್ಟ ಹೆಸರು. ಏಪ್ರಿಲ್ ಬಂತೆಂದರೆ ಹಗಲಿಡೀ ಅದರ ಜಾಗ ಬಚ್ಚಲ ಬಾಗಿಲ ಬಳಿಯ ಕೆಂಪು ಗಾರೆ ನೆಲ. ಮಧ್ಯಾಹ್ನ ಎದ್ದು ನೀರಿನ ಬಟ್ಟಲಿನ ಕಡೆ ನಡೆದರೆ ನೆಲದ ಮೇಲೆ ನಾಲ್ಕಾರು ಒದ್ದೆ ಹೆಜ್ಜೆ ಮೂಡಿ, ನೋಡುತ್ತಿದ್ದಂತೆಯೇ ಆರಿಹೋಗುತ್ತವೆ. ಬೆಕ್ಕು ಬೆವರುವುದು ಮುಖ್ಯವಾಗಿ ಅಂಗಾಲಿನಲ್ಲಿ. ಇಷ್ಟು ತಂಪು ಹುಡುಕುವ ಪ್ರಾಣಿ ನಸುಕಿನ ಚಳಿಗೆ ಎದ್ದು ಬಂದು ಕೋಣೆಯ ಮೂಲೆಯ ಭತ್ತದ ಹುಲ್ಲಿನ ಮೇಲೆ ಸುತ್ತಿಕೊಂಡು ಮಲಗಿತೆಂದರೆ ಮಾವಿನಕಾಯಿ ಹಣ್ಣಿಗಿಟ್ಟ ಅಡೆಯೊಳಗೆ ಕಾವು ಹುಟ್ಟಿದೆ ಎಂದೇ ಅರ್ಥ. ಮಾವು ಹಣ್ಣಾಗುವಾಗ ಅದರ ಉಸಿರಾಟ ಜೋರಾಗುತ್ತದೆ, ಕಾಯಿ ಶಾಖ ಬಿಡುತ್ತದೆ. ಹುಲ್ಲಿನೊಳಗೆ ಕೈ ತೂರಿಸಿ ನೋಡಿದೆ. ಹೌದು, ಬೆಚ್ಚಗಿತ್ತು. ಇನ್ನು ಎರಡು ದಿನ.

ರಾಮನಗರದ ಕಡೆಯ ತೋಟದಿಂದ ತಂದ ಬಾದಾಮಿ ಅದು. ನಾನು ಕಾಯನ್ನೇ ತರುತ್ತೇನೆ, ಹಣ್ಣನ್ನಲ್ಲ. ಒಂದು ವರ್ಷ ಅವಸರಕ್ಕೆ ಬಿದ್ದು ಅಂಗಡಿಯೊಂದರಿಂದ ಒಂದು ಪೆಟ್ಟಿಗೆ ತಂದಿದ್ದೆ. ಹೊರಗೆ ಅರಿಸಿನ ಬಳಿದಂತೆ ಒಂದೇ ಬಣ್ಣ, ಒಳಗೆ ಗೊರಟಿನ ಸುತ್ತ ಹುಳಿ ಬಿಳುಪು, ಮೂಗಿಗೆ ಹಿಡಿದರೆ ವಾಸನೆಯೇ ಇಲ್ಲ. ಕ್ಯಾಲ್ಸಿಯಂ ಕಾರ್ಬೈಡ್ ಹಾಕಿ ಹಣ್ಣು ಮಾಡುವುದಕ್ಕೆ ಈ ದೇಶದಲ್ಲಿ ನಿಷೇಧವಿದೆ. ಆದರೂ ಅಂಥ ಪೆಟ್ಟಿಗೆ ನಿಮ್ಮ ಮನೆಗೂ ಒಮ್ಮೆಯಾದರೂ ಬಂದಿರುತ್ತದೆ.

ಕಾಯಿ ಆರಿಸುವಾಗ ನೋಡಬೇಕಾದ್ದು ಭುಜ. ಬಲಿತ ಕಾಯಿಯ ಭುಜ ತೊಟ್ಟಿಗಿಂತ ಮೇಲೆ ಉಬ್ಬಿ, ತೊಟ್ಟು ಗುಳಿಯಲ್ಲಿ ಕೂತಂತೆ ಕಾಣುತ್ತದೆ. ಅನುಮಾನವಿದ್ದರೆ ಬಕೆಟ್ ನೀರಿಗೆ ಹಾಕಿ. ಬಲಿತದ್ದು ಮುಳುಗುತ್ತದೆ, ಎಳೆಯದು ತೇಲುತ್ತದೆ. ತೊಟ್ಟು ಒಂದಿಂಚಾದರೂ ಇರಲೇಬೇಕು. ತೊಟ್ಟು ಮುರಿದರೆ ಸೊನೆ ಚಿಮ್ಮುತ್ತದೆ, ಅದು ಹರಿದ ಕಡೆ ಸಿಪ್ಪೆ ಸುಟ್ಟು ಕಪ್ಪಾಗುತ್ತದೆ, ಮುಂದೆ ಕೊಳೆ ಹಿಡಿಯುವುದೂ ಅಲ್ಲಿಂದಲೇ. ಆಮೇಲೆ ಒಂದು ಪದರ ಹುಲ್ಲು, ಒಂದು ಸಾಲು ಕಾಯಿ, ಮತ್ತೆ ಹುಲ್ಲು, ಮೇಲೊಂದು ಗೋಣಿತಾಟು. ದಿನಕ್ಕೊಮ್ಮೆ ತೆಗೆದು ನೋಡಬೇಕು. ನಮ್ಮ ಮನೆಯಲ್ಲಿ ಆ ಕೆಲಸದ ಅರ್ಧ ಬೂದಿಯದು.

ಆದರೆ ಹಣ್ಣಿನಲ್ಲಿ ಅದಕ್ಕೆ ಪಾಲಿಲ್ಲ, ಪಾಲು ಬೇಕೂ ಇಲ್ಲ. ಬೆಕ್ಕಿನ ನಾಲಿಗೆಗೆ ಸಿಹಿ ತಿಳಿಯುವುದಿಲ್ಲ. ಸಿಹಿ ಗುರುತಿಸಲು ಬೇಕಾದ ಎರಡು ಪ್ರೋಟೀನುಗಳಲ್ಲಿ ಒಂದನ್ನು ಕಟ್ಟುವ ಜೀನ್ ಇಡೀ ಬೆಕ್ಕಿನ ಕುಲದಲ್ಲೇ ಕೆಲಸ ನಿಲ್ಲಿಸಿದೆ ಎಂದು ವಿಜ್ಞಾನಿಗಳು 2005ರಲ್ಲಿ ತೋರಿಸಿಕೊಟ್ಟರು. ಹುಲಿಗೂ ಅಷ್ಟೇ, ಚಿರತೆಗೂ ಅಷ್ಟೇ. ಸೀಕರಣೆ ಮಾಡುವ ಹೊತ್ತಿಗೆ ಬೂದಿ ಬಂದು ಕಾಲಿಗೆ ಮೈ ಉಜ್ಜುತ್ತಾ ಕೂಗುವುದು ಹಾಲಿನ ಆಸೆಗೆ. ಬಟ್ಟಲಿಗೆ ರಸ ಬಿದ್ದ ಮೇಲೆ ಮೂಸಿ, ಮುಖ ತಿರುಗಿಸಿ ಹೊರಟುಬಿಡುತ್ತದೆ. ಬೇಸಗೆಯ ಅತಿ ದೊಡ್ಡ ಸುಖವೊಂದು ಪಕ್ಕದಲ್ಲೇ ಇದ್ದೂ ಅದಕ್ಕೆ ಕಾಣದೇ ಹೋಯಿತಲ್ಲ ಎಂದು ನನಗೆ ಪ್ರತಿ ವರ್ಷವೂ ನಿಜವಾಗಿ ಮರುಕವಾಗುತ್ತದೆ.

ಈ ಅಂಕಣದಲ್ಲಿ ಬಾದಾಮಿ, ರಸಪುರಿ, ಮಲಗೋವಾಗಳ ಬಗ್ಗೆ ಹಿಂದೆ ಬರೆದಿದ್ದೇನೆ. ಮಲ್ಲಿಕಾದ ಬಗ್ಗೆಯೂ. ನೀಲಂ ಮತ್ತು ದಶೇರಿಯ ಕೂಡಿಕೆಯಿಂದ ಹುಟ್ಟಿದ ಆ ತಳಿ ಹದವಾಗಿ ಹಣ್ಣಾದರೆ ಯಾವ ಹಳೆಯ ತಳಿಗೂ ತಲೆಬಾಗಬೇಕಿಲ್ಲ. ಅವೆಲ್ಲ ಬೆಂಗಳೂರಿಗೆ ಬರುವ ಹಣ್ಣುಗಳು. ಲಾರಿ ತಡೆಯುತ್ತವೆ, ಪೆಟ್ಟಿಗೆ ತಡೆಯುತ್ತವೆ, ನಾಲ್ಕು ದಿನದ ಮಂಡಿ ವಾಸವನ್ನೂ ತಡೆಯುತ್ತವೆ. ಈ ವಾರ ಹೇಳಬೇಕೆಂದಿರುವುದು ಬರಲಾಗದ ಹಣ್ಣೊಂದರ ವಿಷಯ. ಅದಕ್ಕಾಗಿ ನಾವು ಮೂವರು ಗೆಳೆಯರು ಕೆಲವು ವರ್ಷಗಳಿಂದ ಮೇ ತಿಂಗಳಲ್ಲಿ ಮೂರು ದಿನ ಎತ್ತಿಟ್ಟು ಅಂಕೋಲೆಗೆ ಹೋಗುತ್ತಿದ್ದೇವೆ. ಹಣ್ಣಿನ ಹೆಸರು ಕರಿ ಇಶಾಡ.

ನಮ್ಮಲ್ಲೊಬ್ಬ ಬ್ಯಾಂಕಿನಿಂದ ನಿವೃತ್ತನಾದವನು, ಇನ್ನೊಬ್ಬಳು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳುವವಳು. ನಲವತ್ತು ವರ್ಷದ ಸ್ನೇಹ. ಹೊರಡುವ ಮುನ್ನಾದಿನ ಬೂದಿಯ ಬಟ್ಟಲು, ಮರಳಿನ ತಟ್ಟೆ, ಮನೆಯ ಕೀಲಿಕೈ ಎಲ್ಲ ಪಕ್ಕದ ಮನೆಯ ಹುಡುಗಿಗೆ ಒಪ್ಪಿಸುತ್ತೇನೆ. ಬೆಕ್ಕನ್ನು ಪ್ರಯಾಣಕ್ಕೆ ಎಳೆಯಬಾರದು ಎನ್ನುವುದು ನನ್ನ ಖಚಿತ ಅಭಿಪ್ರಾಯ. ಅದರ ಊರು ಅದರ ಮನೆ. ಆ ನಾಲ್ಕು ಗೋಡೆಯ ವಾಸನೆ ಬಿಟ್ಟು ಅದಕ್ಕೆ ಬೇರೆ ನೆಮ್ಮದಿಯಿಲ್ಲ.

ಹೋಗುವುದು ಹಗಲು ರೈಲಿನಲ್ಲೇ. ರಾತ್ರಿ ರೈಲು ಹಿಡಿದರೆ ಬೇಗ ಮುಟ್ಟಬಹುದು, ಆದರೆ ಘಟ್ಟ ನಿದ್ದೆಯಲ್ಲಿ ಕಳೆದುಹೋಗುತ್ತದೆ. ಸಕಲೇಶಪುರ ದಾಟಿದ ಮೇಲೆ ಸುಬ್ರಹ್ಮಣ್ಯ ರೋಡ್‌ವರೆಗೆ 57 ಸುರಂಗಗಳಿವೆ. ಹಳಿ ಇಳಿಜಾರಿಗೆ ಬಿದ್ದದ್ದೇ ಗಾಡಿ ಎತ್ತಿನ ನಡಿಗೆಗೆ ಬರುತ್ತದೆ. ಸುರಂಗ ಬಂದಾಗಲೆಲ್ಲ ಡಬ್ಬಿಯ ಮಕ್ಕಳೆಲ್ಲ ಒಟ್ಟಿಗೆ ಕೂಗುತ್ತಾರೆ. ಕಲ್ಲಿನ ತಣ್ಣನೆ ಗಾಳಿ ಕಿಟಕಿಯಿಂದ ಮುಖಕ್ಕೆ ರಾಚುತ್ತದೆ, ಕಲ್ಲಿನ ಒಸರು ನೀರು ನಾಲ್ಕು ಹನಿ ಕೈಗೂ ಸಿಡಿಯುತ್ತದೆ. ಎಡಕುಮೇರಿಯ ಆಸುಪಾಸಿನಲ್ಲಿ ನಮ್ಮ ಬುತ್ತಿ ಬಿಚ್ಚುತ್ತದೆ: ಮೊಸರನ್ನ, ಅದರ ಜೊತೆಗೆ ಸಸ್ಯಶಾಸ್ತ್ರದ ಗೆಳತಿ ಶಿರಸಿಯಿಂದ ತರಿಸುವ ಅಪ್ಪೆಮಿಡಿ ಉಪ್ಪಿನಕಾಯಿ. ಮಿಡಿಯನ್ನು ಕಚ್ಚಿದಾಗ ಬರುವ ಆ ಜೀರಿಗೆಯಂಥ ಪರಿಮಳ ಹೊಳೆದಂಡೆಯ ಕಾಡುಮರದಿಂದ ಬಂದದ್ದು, ಉಪ್ಪಿನಿಂದಲ್ಲ, ಖಾರದಿಂದಲ್ಲ. ಅಪ್ಪೆಮಿಡಿಗೊಂದು ಪೂರ್ತಿ ವಾರ ಬೇಕು. ಈಗ ಮುಂದೆ ಹೋಗೋಣ.

ಮಂಗಳೂರಿನ ಬಳಿ ಕರಾವಳಿ ಸಿಕ್ಕ ಮೇಲೆ ಸೆಕೆ ಶುರು. ಉಡುಪಿ, ಕುಂದಾಪುರ, ಭಟ್ಕಳ. ಹೊನ್ನಾವರದಲ್ಲಿ ಶರಾವತಿಯ ಸೇತುವೆ ಬರುವ ಹೊತ್ತಿಗೆ ಮೂವರೂ ಬಾಗಿಲ ಬಳಿ ಬಂದು ನಿಲ್ಲುತ್ತೇವೆ. ಎರಡು ಕಿಲೋಮೀಟರಿಗೂ ಉದ್ದ, ಕೊಂಕಣ ರೈಲುದಾರಿಯಲ್ಲೇ ಅತಿ ಉದ್ದದ ಸೇತುವೆ. ಕೆಳಗೆ ಹೊಳೆಯೂ ಕಡಲೂ ಒಂದಕ್ಕೊಂದು ಬಿಟ್ಟುಕೊಡುವ ಅಗಲವಾದ ನೀರು, ಮೇಲೆ ಸಂಜೆ ಬಿಸಿಲು. ಆ ಎರಡು ಮೂರು ನಿಮಿಷ ಯಾರೂ ಮಾತಾಡುವುದಿಲ್ಲ. ಅಲ್ಲಿಂದ ಮುಂದೆ ಅಘನಾಶಿನಿ, ಆಮೇಲೆ ಗಂಗಾವಳಿ. ಗಂಗಾವಳಿ ದಾಟಿದರೆ ಅಂಕೋಲೆ.

ಮರುದಿನ ಬೆಳಿಗ್ಗೆ ಬೇಗ ಪೇಟೆಗೆ ಹೋಗಬೇಕು. ಹಾಲಕ್ಕಿ ಒಕ್ಕಲು ಹೆಂಗಸರು ಬುಟ್ಟಿ ಇಟ್ಟುಕೊಂಡು ರಸ್ತೆ ಬದಿ ಕೂತಿರುತ್ತಾರೆ. ಕೊರಳು ತುಂಬ ಮಣಿಸರ, ಮುಂದೆ ಬುಟ್ಟಿ, ಬುಟ್ಟಿಯಲ್ಲಿ ಎಲೆ ಹಾಸಿ ಜೋಡಿಸಿದ ಹಣ್ಣು. ‘ಇಶಾಡ’ ಎಂದಷ್ಟೇ ಕೇಳಿದರೆ ಸಾಲದು. ಕರಿ ಇಶಾಡ ಬೇರೆ, ಬಿಳಿ ಇಶಾಡ ಬೇರೆ. ಬಿಳಿಯದರ ಸಿಪ್ಪೆ ದಪ್ಪ, ತಿರುಳು ಕಡಿಮೆ, ಸಿಹಿಯೂ ಒಂದು ಕೈ ಕಮ್ಮಿ. ಕರಿಯದರ ಸಿಪ್ಪೆ ತೆಳುವು, ತಿರುಳು ಧಾರಾಳ. ಈ ಹಣ್ಣಿನ ಗುಣವೂ ಅಷ್ಟೇ, ಕಷ್ಟವೂ ಅಷ್ಟೇ. ಆ ತೆಳು ಸಿಪ್ಪೆ ದೂರದ ಪ್ರಯಾಣ ತಡೆಯುವುದಿಲ್ಲ. ಹಣ್ಣಾದ ಮೇಲೆ ಹೆಚ್ಚು ದಿನ ಇಡಲೂ ಆಗುವುದಿಲ್ಲ.

ಮೊದಲ ವರ್ಷ ನಮಗೆ ಹಣ್ಣು ಕೊಟ್ಟ ಅಜ್ಜಿ ದುಡ್ಡು ಕೇಳುವ ಮೊದಲೇ ಒಂದನ್ನು ನನ್ನ ಕೈಯಲ್ಲಿಟ್ಟು ಮೂಗಿನ ಕಡೆ ಕೈ ತೋರಿಸಿದರು. ತೊಟ್ಟಿನ ಗುಳಿಗೆ ಮೂಗು ಹಿಡಿದೆ. ಬಾದಾಮಿಯ ಪರಿಮಳ ದೂರದಿಂದಲೇ ಕರೆಯುತ್ತದೆ. ಇದು ಹಾಗಲ್ಲ, ಹತ್ತಿರ ಹೋದವರಿಗೆ ಮಾತ್ರ ಸಿಗುವಂಥದ್ದು. ಮೊದಲು ಜೇನಿನ ಹಾಗೆ, ಅದರ ಹಿಂದೆ ಮುರಿದ ಹಸಿ ಎಲೆಯ ಹಾಗೆ. ನಾವು ಉಳಿದುಕೊಂಡ ಮನೆಯ ಬಾವಿಕಟ್ಟೆಗೆ ಬಂದು, ಒಂದು ಕೊಡ ನೀರು ಸೇದಿ, ಹಣ್ಣುಗಳನ್ನು ಅರ್ಧ ಗಂಟೆ ಅದರಲ್ಲಿ ಮುಳುಗಿಸಿಟ್ಟೆವು. ನೀರಿನಲ್ಲಿಡುವುದು ಬರೀ ಶಾಸ್ತ್ರವಲ್ಲ. ಬಿಸಿಲಿನ ಕಾವು ಇಳಿಯುತ್ತದೆ, ತೊಟ್ಟಿನ ಬಳಿ ಉಳಿದ ಸೊನೆ ತೊಳೆದುಹೋಗುತ್ತದೆ, ತುಟಿ ಉರಿಯುವುದಿಲ್ಲ.

ಚಾಕು ಬೇಕಾಗಲಿಲ್ಲ. ಉಗುರಿನಿಂದ ತೊಟ್ಟಿನ ಬಳಿ ಎತ್ತಿದರೆ ಸಿಪ್ಪೆ ಒಂದೇ ಪಟ್ಟಿಯಾಗಿ, ಕಾಗದದಷ್ಟು ತೆಳ್ಳಗೆ ಸುಲಿದು ಬಂತು. ಒಳಗೆ ಕಿತ್ತಳೆಗೆ ತಿರುಗುತ್ತಿದ್ದ ಹಳದಿ. ಹಲ್ಲಿಗೆ ನಾರು ಸಿಗಲಿಲ್ಲ. ಸಿಹಿ ಎಂದರೆ ಬರೀ ಸಕ್ಕರೆಯಂಥ ಸಿಹಿಯಲ್ಲ, ಕೊನೆಯಲ್ಲಿ ನಾಲಿಗೆಯ ಎರಡೂ ಅಂಚಿಗೆ ಒಂದು ಸಣ್ಣ ಹುಳಿ ಬಂದು ಮುಟ್ಟಿ ಹೋಗುತ್ತದೆ, ಅದೇ ಮತ್ತೊಂದು ತುತ್ತಿಗೆ ದಾರಿ ಮಾಡುತ್ತದೆ. ರಸ ಮೊಣಕೈವರೆಗೆ ಇಳಿಯಿತು. ಬ್ಯಾಂಕಿನ ಗೆಳೆಯ ಗೊರಟನ್ನು ಬಿಳಿಯಾಗುವವರೆಗೆ ಚೀಪಿ, ಬಾವಿಕಟ್ಟೆಯ ಮೇಲಿಟ್ಟು, ಏನೂ ಮಾತಾಡದೆ ಎರಡನೆಯದಕ್ಕೆ ಕೈ ಹಾಕಿದ. ನಾನು ಈವರೆಗೆ ತಿಂದ ಮಾವುಗಳಲ್ಲಿ ಇದಕ್ಕೆ ಮೊದಲ ಸ್ಥಾನ. ಬಾದಾಮಿ ಎರಡನೆಯದು. ಈ ತೀರ್ಪನ್ನು ಬದಲಿಸಲು ಇಷ್ಟು ವರ್ಷಗಳಲ್ಲಿ ಕಾರಣ ಸಿಕ್ಕಿಲ್ಲ.

ಮಧ್ಯಾಹ್ನ ಊಟಕ್ಕೆ ಅದರದೇ ರಸಾಯನ: ಹಣ್ಣನ್ನು ಹೆಚ್ಚಬಾರದು, ಕೈಯಲ್ಲೇ ಕಿವುಚಬೇಕು. ಅದಕ್ಕೆ ತೆಂಗಿನಕಾಯಿ ಹಾಲು, ಬೆಲ್ಲ, ಒಂದು ಚಿಟಿಕೆ ಏಲಕ್ಕಿ. ಬೆಲ್ಲ ಕಡಿಮೆಯೇ ಸಾಕು. ಊಟವಾದ ಮೇಲೆ ಮುರುಗಲು ಹಣ್ಣಿನ ಪಾನಕ ಕುಡಿದು ಜಗಲಿಯ ಮೇಲೆ ಚಾಪೆ ಹಾಸಿದರೆ, ಕಡಲ ಗಾಳಿ ಬೀಸುವವರೆಗೆ ಕದಲುವುದಿಲ್ಲ. ಆ ಮನೆಯಲ್ಲೂ ಒಂದು ಬೆಕ್ಕಿದೆ, ಕಂದು ಬಣ್ಣದ್ದು. ಎಲ್ಲಿ ಗಾಳಿ ಆಡುತ್ತದೋ ಅಲ್ಲೇ ಅದು ಬಿದ್ದುಕೊಂಡಿರುತ್ತದೆ. ನಾವು ಚಾಪೆಯನ್ನು ಅದರ ಪಕ್ಕಕ್ಕೆ ಎಳೆದುಕೊಳ್ಳುತ್ತೇವೆ. ಹಳೆಯ ಮಾತು, ಮಧ್ಯೆ ಮಧ್ಯೆ ಜೊಂಪು, ಮತ್ತೆ ಅದೇ ಮಾತು. ಇಂಥ ಮಧ್ಯಾಹ್ನಗಳು ನಮಗೆ ವರ್ಷಕ್ಕೆ ಎರಡೇ ಸಿಗುತ್ತವೆ.

ಕರಿ ಇಶಾಡಕ್ಕೆ 2023ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು. ಸಂತೋಷ. ಆದರೆ ಮಾನ್ಯತೆ ಹೆಸರನ್ನು ಕಾಯುತ್ತದೆ, ಮರವನ್ನು ಕಾಯಬೇಕಾದವರು ಜನ. ಹೆದ್ದಾರಿ ಅಗಲವಾಗುವಾಗ ಈ ಕರಾವಳಿಯ ರಸ್ತೆ ಬದಿಯ ಹಳೆಯ ಮರಗಳು ಸಾಲುಸಾಲಾಗಿ ಉರುಳಿದವು. ಇದೇ ತಾಲ್ಲೂಕಿನ ಹೊನ್ನಳ್ಳಿಯ ತುಳಸಿ ಗೌಡರು, ಪದ್ಮಶ್ರೀ ಪಡೆದ ಹಾಲಕ್ಕಿ ಹೆಣ್ಣುಮಗಳು, ಕಾಡಿನಲ್ಲಿ ತಾಯಿಮರ ಯಾವುದೆಂದು ಗುರುತಿಸಿ ಅದರ ಬೀಜವನ್ನೇ ಆಯ್ದು ತಂದು ಸಸಿ ಮಾಡುತ್ತಿದ್ದರು. 2024ರ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಒಳ್ಳೆಯ ಮಾವಿನ ವಿಷಯದಲ್ಲಿ ಗೊರಟು ನೆಟ್ಟರೆ ಮಾತ್ರ ಸಾಲದು, ತಾಯಿಯ ರುಚಿ ಮಗುವಿಗೆ ಬರುವ ಖಾತ್ರಿಯಿಲ್ಲ. ಹಳೆಯ ಮರದ ಕಡ್ಡಿ ತಂದು ಕಸಿ ಕಟ್ಟಬೇಕು. ಅಂದರೆ ಹಳೆಯ ಮರ ನಿಂತಿರಬೇಕು. ಮರ ನಿಲ್ಲಬೇಕಾದರೆ ಅದರ ಹಣ್ಣಿಗೆ ಬೆಲೆ ಸಿಗಬೇಕು. ನಾವು ಮೂವರೂ ಬುಟ್ಟಿಯ ಮುಂದೆ ಚೌಕಾಸಿ ಮಾಡುವುದಿಲ್ಲ. ಕೇಳಿದಷ್ಟು ಕೊಡುತ್ತೇವೆ.

ವಾಪಸು ಬರುವಾಗ ಪ್ರತಿ ವರ್ಷ ಒಂದು ಡಜನ್ ತರುವ ಪ್ರಯತ್ನ ನಡೆಯುತ್ತದೆ. ಗಟ್ಟಿ ಕಾಯಿ ಆರಿಸಿ, ಒಂದೊಂದನ್ನೂ ಹಳೆಯ ಹತ್ತಿ ಬಟ್ಟೆಯಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡೇ ಬರುತ್ತೇವೆ. ಮನೆ ಮುಟ್ಟುವಾಗ ಐದಾರು ನೆಟ್ಟಗಿರುತ್ತವೆ. ಹೋದ ಸಲ ಚೀಲ ಕೆಳಗಿಡುತ್ತಿದ್ದಂತೆ ಬೂದಿ ಬಂದು ಬಟ್ಟೆಯ ಮಡಿಕೆಗಳನ್ನು ಒಂದೊಂದಾಗಿ ಮೂಸಿತು. ಹಣ್ಣನ್ನು ಬಿಟ್ಟು ಬಟ್ಟೆಗೆ ಅಂಟಿದ್ದ ಆ ಕಂದು ಬೆಕ್ಕಿನ ಕೂದಲಿನ ಹತ್ತಿರ ಬಹಳ ಹೊತ್ತು ನಿಂತಿತು. ಆಮೇಲೆ ಚೀಲದ ಮೇಲೆಯೇ ಹತ್ತಿ ಕೂತಿತು.

ಈ ಮೇ ತಿಂಗಳಲ್ಲಿ ನೀವು ಗೋಕರ್ಣಕ್ಕೋ ಕಾರವಾರಕ್ಕೋ ಹೊರಟಿದ್ದರೆ ಅಂಕೋಲೆಯಲ್ಲಿ ಇಳಿಯಿರಿ. ಬೆಳಿಗ್ಗೆಯೇ ಪೇಟೆಗೆ ಹೋಗಿ, ಕರಿ ಇಶಾಡ ಎಂದೇ ಹೆಸರು ಹಿಡಿದು ಕೇಳಿ, ಬುಟ್ಟಿಯಿಂದಲೇ ಕೊಳ್ಳಿ, ಅಲ್ಲೇ ತಿನ್ನಿ. ಜೊತೆಗೆ ಇಬ್ಬರು ಗೆಳೆಯರಿದ್ದರೆ ಒಳ್ಳೆಯದು; ಒಂದು ಬುಟ್ಟಿ ಒಬ್ಬರಿಗೆ ಹೆಚ್ಚು. ಮಳೆ ಜೋರು ಹಿಡಿದರೆ ಹಣ್ಣಿಗೆ ಹುಳ ಬೀಳುತ್ತದೆ. ಅಷ್ಟರೊಳಗೆ ಹೋಗಿ ಬನ್ನಿ.