ಶಾಸನದ ಮೇಲೆ ಸುಣ್ಣ

1995ರ ಮೇ 21. ಗ್ರೀನ್‌ಲ್ಯಾಂಡಿನ ವಾಯವ್ಯ ಮೂಲೆಯಲ್ಲಿ, ಹೆಪ್ಪುಗಟ್ಟಿದ ಒಂದು ಕೆರೆಯ ಮೇಲೆ ನಲವತ್ತೆಂಟು ವರ್ಷ ಅಲುಗಾಡದೆ ಕೂತಿದ್ದ ಬಿ-29 ಬಾಂಬರ್ ತನ್ನ ನಾಲ್ಕೂ ಎಂಜಿನ್‌ಗಳ ಬಲದಿಂದ ಉರುಳತೊಡಗಿತು. ‘ಕೀ ಬರ್ಡ್’ ಅದರ ಹೆಸರು. ಮೇಲೇಳಲು ಇನ್ನು ಸ್ವಲ್ಪವೇ ಬಾಕಿ. ಹಿಮದ ಉಬ್ಬುತಗ್ಗುಗಳಲ್ಲಿ ವಿಮಾನ ಕುಲುಕುತ್ತಿದ್ದಾಗ, ಬಾಲದ ಕಡೆ ಇದ್ದ ಪುಟ್ಟ ಜನರೇಟರಿಗೆಂದು ತಾತ್ಕಾಲಿಕವಾಗಿ ಕಟ್ಟಿದ್ದ ಪೆಟ್ರೋಲ್ ಡಬ್ಬಿಯಿಂದ ಪೆಟ್ರೋಲ್ ಸೋರಿ ಬೆಂಕಿ ಹತ್ತಿತು. ಒಳಗಿದ್ದವರು ಜೀವ ಉಳಿಸಿಕೊಂಡು ಹೊರಬಂದರು. ಬೆಂಕಿ ಮಾತ್ರ ನಿಲ್ಲಲಿಲ್ಲ. ಎರಡು ಬೇಸಿಗೆ ಅಲ್ಲೇ ಡೇರೆ ಹಾಕಿಕೊಂಡು ದುಡಿದ ಮಂದಿ, ತಾವೇ ಬದುಕಿಸಿದ ವಿಮಾನ ತಮ್ಮ ಕಣ್ಣೆದುರೇ ನಡುಮಧ್ಯೆ ಕರಗಿ ಕುಸಿಯುವುದನ್ನು ನಿಂತು ನೋಡಬೇಕಾಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಹಳೆಯ ಯುದ್ಧವಿಮಾನಗಳನ್ನು ಹಿಮ, ಜೌಗು, ಸಮುದ್ರಗಳಿಂದ ಎತ್ತಿ ತರುವ ಹವ್ಯಾಸಿ ತಂಡಗಳ ಕೆಲಸವನ್ನು ನಾನು ಬಹಳ ವರ್ಷಗಳಿಂದ ಆಸೆಯಿಂದ ಓದಿಕೊಂಡು ಬಂದಿದ್ದೇನೆ. ಈ ಕೆಲಸದಲ್ಲಿ ನನಗೆ ಪ್ರೀತಿಯಿದೆ, ಅದಕ್ಕೇ ಒಂದು ಜಗಳವೂ ಇದೆ. ಆ ಜಗಳ ಶುರುವಾಗುವುದು ಇದೇ ಕೀ ಬರ್ಡ್‌ನಿಂದ.

1947ರ ಫೆಬ್ರವರಿಯಲ್ಲಿ ಅಲಾಸ್ಕಾದಿಂದ ಹೊರಟ ಈ ವಿಮಾನ ದಾರಿ ತಪ್ಪಿ, ಇಂಧನ ಮುಗಿದು ಆ ಕೆರೆಯ ಮೇಲೆ ಇಳಿದಿತ್ತು. ಹನ್ನೊಂದು ಮಂದಿಯೂ ಉಳಿದರು, ಮೂರು ದಿನಗಳಲ್ಲಿ ಅವರನ್ನು ಕರೆದೊಯ್ದರು. ವಿಮಾನ ಅಲ್ಲೇ ಉಳಿಯಿತು. 1994ರಲ್ಲಿ ಡ್ಯಾರಿಲ್ ಗ್ರೀನಮಯರ್ ಎಂಬ ಪ್ರಸಿದ್ಧ ಪೈಲಟ್ ಒಂದು ತಂಡ ಕಟ್ಟಿ, ಹೊಸ ಎಂಜಿನ್, ಪ್ರೊಪೆಲ್ಲರ್, ಟೈರುಗಳನ್ನು ಸಣ್ಣ ಸರಕು ವಿಮಾನದಲ್ಲಿ ಅಲ್ಲಿಗೆ ಸಾಗಿಸಿದರು. ಆ ವರ್ಷದ ಕೆಲಸ ಚಳಿ ಬಂದು ನಿಂತಿತು. ತಂಡದ ಮುಖ್ಯ ಮೆಕ್ಯಾನಿಕ್ ಅಲ್ಲೇ ಕಾಯಿಲೆ ಬಿದ್ದು, ಆಮೇಲೆ ತೀರಿಕೊಂಡರು. ಒಂದು ಜೀವದ ಬೆಲೆ ತೆತ್ತ ಮೇಲೂ ಮರುವರ್ಷ ಅವರು ಮತ್ತೆ ಹೋದರು. ಅವರ ಧೈರ್ಯವನ್ನು ನಾನು ಅನುಮಾನಿಸುವುದಿಲ್ಲ. ಡಬ್ಬಿಯನ್ನು ಸರಿಯಾಗಿ ಕಟ್ಟಲಿಲ್ಲ ಎಂದು ದೂರುವುದು ಸುಲಭ. ಆದರೆ ತಪ್ಪಿರುವುದು ಡಬ್ಬಿಯಲ್ಲಲ್ಲ, ಇದನ್ನು ಇಲ್ಲಿಂದ ಹಾರಿಸಿಕೊಂಡೇ ಹೋಗಬೇಕು ಎಂಬ ಹಟದಲ್ಲಿ. ಆ ಹಟಕ್ಕೆ ಬಿದ್ದ ಮೇಲೆ ಎಲ್ಲ ಕೆಲಸಕ್ಕೂ ಗಡಿಬಿಡಿ ಅಂಟಿಕೊಂಡಿತು. ಆ ಚಳಿಯಲ್ಲಿ ಹೆಚ್ಚುಕಡಿಮೆ ಹಾಗೇ ಉಳಿದಿದ್ದ ವಿಮಾನ, ಅದನ್ನು ಪ್ರೀತಿಸಿದವರ ಕೈಯಲ್ಲೇ ಒಂದೇ ದಿನದಲ್ಲಿ ಬೂದಿಯಾಯಿತು.

ನಮ್ಮ ಊರುಗಳ ಹಳೆಯ ಗುಡಿಗಳಿಗೆ ಜೀರ್ಣೋದ್ಧಾರ ಆಗುವುದನ್ನು ನೋಡಿದವರಿಗೆ ನಾನು ಹೇಳುತ್ತಿರುವುದು ತಕ್ಷಣ ಅರ್ಥವಾದೀತು. ಭಕ್ತಿ ನಿಜ, ಹಣವೂ ಕೂಡಿರುತ್ತದೆ. ನೆಲಕ್ಕೆ ಗ್ರಾನೈಟ್ ಹಾಸುತ್ತಾರೆ, ಕಂಬಕ್ಕೆ ಎನಾಮೆಲ್ ಬಣ್ಣ ಹೊಡೆಯುತ್ತಾರೆ, ಬಾಗಿಲ ಪಕ್ಕದ ಶಾಸನದ ಮೇಲೆ ಸುಣ್ಣ ಬಳಿಯುತ್ತಾರೆ. ಗುಡಿ ಫಳಫಳ ಹೊಳೆಯುತ್ತದೆ, ಅದನ್ನು ಕಟ್ಟಿಸಿದವರು, ದತ್ತಿ ಬಿಟ್ಟವರು ಯಾರೆಂದು ಹೇಳುತ್ತಿದ್ದ ಕಲ್ಲು ಮಾತ್ರ ಮೂಕವಾಗುತ್ತದೆ. ವಿಮಾನ ಎತ್ತುವವರಿಗೂ ನಾನು ಕೇಳುವ ಪ್ರಶ್ನೆ ಅದೇ. ನೀವು ಮರಳಿ ತರುತ್ತಿರುವುದು ಯಾವ ಕಾಲವನ್ನು? ಕಾರ್ಖಾನೆಯಿಂದ ಹೊರಬಂದ ದಿನವನ್ನೋ, ಬಿದ್ದ ದಿನವನ್ನೋ, ಆಮೇಲೆ ಅದರ ಮೇಲೆ ಹಾದುಹೋದ ವರ್ಷಗಳನ್ನೋ?

ಈ ಪ್ರಶ್ನೆಯನ್ನು ಅತ್ಯಂತ ಕಠಿಣವಾಗಿ ಎದುರಿಸಬೇಕಾದದ್ದು ಈ ಕಸುಬಿನ ಅತ್ಯಂತ ದೊಡ್ಡ ಗೆಲುವು, ‘ಗ್ಲೇಸಿಯರ್ ಗರ್ಲ್’ ಎಂಬ ಪಿ-38 ಫೈಟರ್. 1942ರ ಜುಲೈ 15ರಂದು ಆರು ಪಿ-38 ಫೈಟರ್‌ಗಳು, ಎರಡು ಬಿ-17 ಬಾಂಬರ್‌ಗಳು ಬ್ರಿಟನ್ನಿನ ಕಡೆ ಹೊರಟಿದ್ದವು. ಹವೆ ಕೆಟ್ಟು ಹಿಂದಿರುಗುವಷ್ಟರಲ್ಲಿ ಇಂಧನ ಮುಗಿದು ಎಂಟೂ ಗ್ರೀನ್‌ಲ್ಯಾಂಡಿನ ಹಿಮದ ಮೇಲೆ ಇಳಿದವು. ಮೊದಲು ಇಳಿದ ಫೈಟರ್ ಚಕ್ರ ಬಿಟ್ಟುಕೊಂಡು ಇಳಿದು ಮಗುಚಿತು. ಅದನ್ನು ಕಂಡ ಉಳಿದವರು ಚಕ್ರ ಬಿಡದೆ ಹೊಟ್ಟೆಯ ಮೇಲೇ ಜಾರಿಸಿಕೊಂಡು ಇಳಿಸಿದರು. ಇಪ್ಪತ್ತೈದು ಮಂದಿಯೂ ಬದುಕಿದರು. ನಂತರ ವರ್ಷ ವರ್ಷವೂ ಹಿಮ ಬಿದ್ದು, ಕೂತು, ಗಟ್ಟಿಯಾಗಿ ವಿಮಾನಗಳನ್ನು ಮುಚ್ಚುತ್ತಾ ಹೋಯಿತು.

ಅಟ್ಲಾಂಟಾದ ಪ್ಯಾಟ್ ಎಪ್ಸ್ ಮತ್ತು ರಿಚರ್ಡ್ ಟೇಲರ್ ಎಂಬ ಇಬ್ಬರು 1981ರಲ್ಲಿ ಹುಡುಕಲು ಹೋದಾಗ, ಹಿಮ ಸ್ವಲ್ಪ ಗುಡಿಸಿದರೆ ಬಾಲದ ತುದಿ ಕಂಡೀತು ಎಂಬ ನಂಬಿಕೆಯಲ್ಲಿದ್ದರು. ಕೊನೆಗೆ ನೆಲದೊಳಗನ್ನು ನೋಡುವ ರಾಡಾರ್ ಹಿಡಿದು 1988ರಲ್ಲಿ ಪತ್ತೆ ಮಾಡಿದಾಗ ಗೊತ್ತಾಯಿತು, ವಿಮಾನಗಳಿದ್ದದ್ದು 250 ಅಡಿಗೂ ಆಳದಲ್ಲಿ. ಅಷ್ಟೇ ಅಲ್ಲ, ಹಿಮನದಿಯ ಜೊತೆ ತಾವೂ ಇಳಿದ ಜಾಗದಿಂದ ದೂರ ಸರಿದಿದ್ದವು. 1990ರಲ್ಲಿ ಒಂದು ಬಿ-17ರ ತನಕ ಕೊರೆದು ಇಳಿದರೆ, ಅದು ಹಿಮದ ಭಾರಕ್ಕೆ ಅಪ್ಪಚ್ಚಿಯಾಗಿತ್ತು. ಅಲ್ಲಿಗೆ ಯಾರಾದರೂ ಕೈಬಿಡುತ್ತಿದ್ದರು. ಇವರು ಫೈಟರ್ ಗಟ್ಟಿಯಿರಬಹುದು ಎಂದುಕೊಂಡರು. 1992ರಲ್ಲಿ ಕೆಂಟಕಿಯ ಉದ್ಯಮಿ ರಾಯ್ ಶೊಫ್ನರ್ ಹಣ ಹಾಕಿದರು, ಮತ್ತೆ ಹೋದರು.

ಕೊರೆದ ಬಗೆಯನ್ನು ಹತ್ತಿರದಿಂದ ನೋಡಬೇಕು. ಆಳೆತ್ತರದ ಒಂದು ಶಂಕು, ಅದಕ್ಕೆ ಸುತ್ತಿದ ತಾಮ್ರದ ಕೊಳವೆ, ಕೊಳವೆಯಲ್ಲಿ ಸದಾ ಓಡುವ ಬಿಸಿನೀರು. ಸರಪಳಿಯಲ್ಲಿ ತೂಗಿಬಿಟ್ಟ ಶಂಕು ತನ್ನ ಶಾಖದಿಂದ ಹಿಮ ಕರಗಿಸುತ್ತಾ ಗಂಟೆಗೆ ಎರಡಡಿಯಂತೆ ಇಳಿಯುತ್ತದೆ, ಕರಗಿದ ನೀರನ್ನು ಪಂಪು ಮೇಲೆಳೆಯುತ್ತದೆ. ನಾಲ್ಕಡಿ ಅಗಲದ ಆ ಬಾವಿಯಲ್ಲಿ ಮನುಷ್ಯ ಹಗ್ಗ ಹಿಡಿದು ಇಳಿಯಬೇಕು. ತಳದಲ್ಲಿ ಬಿಸಿನೀರು ಚಿಮ್ಮಿಸಿ ವಿಮಾನದ ಸುತ್ತ ಗವಿ ಕೊರೆಯಬೇಕು. ಆಮೇಲೆ ಆ ಕತ್ತಲ ತೇವದಲ್ಲಿ ನಿಂತು ಒಂದೊಂದೇ ಬೋಲ್ಟ್ ಬಿಚ್ಚಿ ಭಾಗಗಳನ್ನು ಮೇಲಕ್ಕೆ ಕಳಿಸಬೇಕು. ಮೂರು ಟನ್ ತೂಗುವ ನಡುಭಾಗವನ್ನು ಕೊನೆಯಲ್ಲಿ ಎತ್ತಿದರು, ಅದಕ್ಕಾಗಿ ಬಾವಿಯನ್ನೇ ಅಗಲಿಸಬೇಕಾಯಿತು. ಕೀ ಬರ್ಡ್ ತಂಡಕ್ಕೆ ಇಲ್ಲದೇ ಹೋದದ್ದು ಇಲ್ಲಿತ್ತು. ಇಲ್ಲಿ ಅವಸರಪಡಲು ದಾರಿಯೇ ಇರಲಿಲ್ಲ, ಹಿಮ ಕರಗುವ ವೇಗಕ್ಕೆ ಮನುಷ್ಯರು ಒಗ್ಗಿಕೊಳ್ಳಬೇಕಾಗಿತ್ತು.

ಕೆಂಟಕಿಯ ಮಿಡಲ್ಸ್‌ಬರೋದಲ್ಲಿ ಹತ್ತು ವರ್ಷ ರಿಪೇರಿ ನಡೆದು 2002ರ ಅಕ್ಟೋಬರ್ 26ರಂದು ಆ ಫೈಟರ್ ಸಾವಿರಾರು ಜನರೆದುರು ಹಾರಿತು. ಆ ದಿನದ ಚಿತ್ರಗಳನ್ನು ನೋಡಿ ನನ್ನ ಕಣ್ಣೂ ತುಂಬಿದೆ. ಆದರೂ ಒಂದು ಕೊರಗು ಉಳಿದಿದೆ. ಮೇಲಿನಿಂದ ಗಟ್ಟಿಯಾಗಿ ಕಂಡರೂ, ಬಿಚ್ಚುತ್ತಾ ಹೋದಂತೆ ಹಿಮ ಎಷ್ಟು ಕಡೆ ತಗಡನ್ನು ಮಡಚಿದೆ, ಎಷ್ಟು ಭಾಗ ಸೊಟ್ಟಗಾಗಿದೆ ಎಂಬುದು ಬಯಲಾಗಿತ್ತು. ಹಾರಬೇಕಾದ ಯಂತ್ರದಲ್ಲಿ ಅವು ಇರುವಂತಿಲ್ಲ. ಸೊಟ್ಟಗಿದ್ದದ್ದು ನೆಟ್ಟಗಾಯಿತು, ಆಗದ್ದು ಬದಲಾಯಿತು. ಇವತ್ತು ಆ ಮಿನುಗುವ ರೆಕ್ಕೆಯನ್ನು ನೋಡಿದವರಿಗೆ 1942ರ ಜುಲೈ ಕಾಣುತ್ತದೆ, ನಂತರದ ಐವತ್ತು ವರ್ಷ ಕಾಣುವುದಿಲ್ಲ. ಅದಕ್ಕೊಂದು ಹೆಸರು ಸಿಕ್ಕಿದ್ದೇ ಹಿಮದಿಂದ. ಆ ಹಿಮದ ಗುರುತು ಮಾತ್ರ ಅದರ ಮೈಮೇಲೆ ಉಳಿಯಲಿಲ್ಲ.

ಇದಕ್ಕೆ ಎದುರಾಗಿ ಇಂಗ್ಲೆಂಡಿನ ಕಾಸ್ಫರ್ಡ್ ಮ್ಯೂಸಿಯಂಗೆ ಬಂದ ಡೋರ್ನಿಯರ್-17 ಇದೆ. 1940ರ ಆಗಸ್ಟಿನಲ್ಲಿ ಬಿದ್ದ ಈ ಜರ್ಮನ್ ಬಾಂಬರ್ ಇಂಗ್ಲಿಷ್ ಕಾಲುವೆಯ ಗುಡ್‌ವಿನ್ ಮರಳದಿಣ್ಣೆಯ ಬಳಿ ಮಗುಚಿಕೊಂಡು ಮುಳುಗಿತ್ತು. ಅದರಲ್ಲಿದ್ದ ನಾಲ್ವರಲ್ಲಿ ಇಬ್ಬರು ಸತ್ತರು. ಆ ಬಗೆಯ ವಿಮಾನದಲ್ಲಿ ಉಳಿದಿರುವುದು ಇದೊಂದೇ. 2013ರ ಜೂನ್ 10ರಂದು ಎತ್ತಿದಾಗ ಇಡೀ ಮೈಗೆ ಚಿಪ್ಪು, ಪಾಚಿ ಅಂಟಿತ್ತು. ಸಮುದ್ರದ ಉಪ್ಪು ಕುಡಿದ ಅಲ್ಯುಮಿನಿಯಂ ಗಾಳಿಗೆ ತೆರೆದುಕೊಂಡರೆ ಪುಡಿಪುಡಿಯಾಗುತ್ತದೆ. ಅದಕ್ಕೆ ಪ್ಲಾಸ್ಟಿಕ್ ಹೊದಿಸಿದ ಸುರಂಗದಂಥ ಡೇರೆಯಲ್ಲಿಟ್ಟು, ನಿಂಬೆಹಣ್ಣಿನಲ್ಲಿರುವ ಸಿಟ್ರಿಕ್ ಆಮ್ಲವನ್ನೇ ತೆಳ್ಳಗೆ ಮಾಡಿ ವರ್ಷಗಟ್ಟಲೆ ಸಿಂಪಡಿಸಿದರು. ಅದನ್ನು ಹೊಸದಾಗಿಸುವ, ಹಾರಿಸುವ ಮಾತೇ ಅಲ್ಲಿ ಬರಲಿಲ್ಲ. ಮುರಿದದ್ದು ಮುರಿದಂತೆಯೇ, ತೂತು ತೂತಾಗಿಯೇ ಉಳಿಯಬೇಕೆಂಬುದು ಮ್ಯೂಸಿಯಂನವರ ತೀರ್ಮಾನ. ನೋಡಲು ಚೆಂದವಿಲ್ಲ ಎಂದು ಬೇಸರಪಡುವವರಿದ್ದಾರೆ. ನನಗೆ ಈ ಇಡೀ ಕಸುಬಿನಲ್ಲಿ ಅದಕ್ಕಿಂತ ಪ್ರಾಮಾಣಿಕವಾದ ಕೆಲಸ ಕಂಡಿಲ್ಲ. ಇಬ್ಬರು ಹುಡುಗರು ಸತ್ತ ಜಾಗಕ್ಕೆ ಬಣ್ಣ ಬಳಿಯದೆ ಬಿಟ್ಟದ್ದೇ ಅವರಿಗೆ ಕೊಟ್ಟ ಮರ್ಯಾದೆ.

ಹಾರಿಸುವುದರ ಬೆಲೆಯನ್ನೂ ಮರೆಯಬಾರದು. 2019ರ ಅಕ್ಟೋಬರಿನಲ್ಲಿ ಅಮೆರಿಕದ ಕನೆಕ್ಟಿಕಟ್‌ನಲ್ಲಿ ಪ್ರವಾಸಿಗರನ್ನು ಕೂರಿಸಿಕೊಂಡು ಹಾರಿದ ಹಳೆಯ ಬಿ-17 ಬಿದ್ದು ಏಳು ಮಂದಿ ಸತ್ತರು. 2022ರ ನವೆಂಬರಿನಲ್ಲಿ ಡಲ್ಲಾಸ್ ಪ್ರದರ್ಶನದಲ್ಲಿ ಎರಡು ಹಳೆಯ ವಿಮಾನಗಳು ಡಿಕ್ಕಿ ಹೊಡೆದು ಆರು ಮಂದಿ ಹೋದರು.

ಹಾಗಾದರೆ ಹಾರಿಸುವುದೇ ತಪ್ಪೇ? ಹಾಗೆ ಹೇಳಲು ನನಗೆ ಬಾಯಿ ಬರುವುದಿಲ್ಲ. ಕಾರಣ ಬೆಂಗಳೂರಿನಲ್ಲೇ ಇದೆ.

ಯುದ್ಧ ಮುಗಿದಾಗ ಬ್ರಿಟಿಷ್ ವಾಯುಪಡೆ ಅಮೆರಿಕದಿಂದ ಎರವಲು ತಂದಿದ್ದ ಬಿ-24 ಲಿಬರೇಟರ್ ಬಾಂಬರ್‌ಗಳ ದೊಡ್ಡ ರಾಶಿ ಕಾನ್ಪುರದಲ್ಲಿ ಉಳಿಯಿತು. ಮತ್ತೆಂದೂ ಯಾರ ಉಪಯೋಗಕ್ಕೂ ಬಾರದಿರಲಿ ಎಂದು ಅವನ್ನು ಬೇಕೆಂದೇ ಕೆಡಿಸಿ ಹೋದರು. ಉಪಕರಣ ಒಡೆದರು, ತಗಡಿಗೆ ಗುದ್ದಿದರು, ಎಂಜಿನ್‌ಗೆ ಮರಳು ಸುರಿದರು. 1948ರಲ್ಲಿ ಹೊಸ ದೇಶಕ್ಕೆ ಬಾಂಬರ್ ಬೇಕಿತ್ತು, ಕೊಳ್ಳುವ ಶಕ್ತಿ ಇರಲಿಲ್ಲ. ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್‌ನ ತಂಡ ಕಾನ್ಪುರಕ್ಕೆ ಹೋಗಿ ಆ ರಾಶಿಯ ಮಧ್ಯೆ ನಿಂತಿತು. ಯುದ್ಧಕಾಲದಲ್ಲಿ ಅಮೆರಿಕನ್ನರ ವಿಮಾನಗಳನ್ನು ರಿಪೇರಿ ಮಾಡಿ ಪಳಗಿದ ಕೈಗಳು ಆ ಕಾರ್ಖಾನೆಯಲ್ಲಿದ್ದವು. ಒಂದರಿಂದ ರೆಕ್ಕೆಯ ಭಾಗ, ಇನ್ನೊಂದರಿಂದ ಚಕ್ರ, ಮತ್ತೊಂದರಿಂದ ಎಂಜಿನ್ ಕೂಡಿಸಿ, ಒಂದೇ ಒಂದು ಸಲ ಹಾರಲು ಆಗುವಷ್ಟು ಮಟ್ಟಿಗೆ ಸರಿಪಡಿಸುತ್ತಿದ್ದರು. ಸಂಸ್ಥೆಯ ಮುಖ್ಯ ಪರೀಕ್ಷಾ ಪೈಲಟ್ ಜೆ. ಕೆ. ಮುನ್ಶಿ ಅದನ್ನು ಸುಮಾರು ಸಾವಿರದೈನೂರು ಕಿಲೋಮೀಟರ್ ಹಾರಿಸಿಕೊಂಡು ಬೆಂಗಳೂರಿಗೆ ತರುತ್ತಿದ್ದರು. ಪೂರ್ತಿ ರಿಪೇರಿ ಇಲ್ಲಿ. ಹೀಗೆ ನಲವತ್ತರಷ್ಟು ವಿಮಾನಗಳು ಎದ್ದು ನಿಂತವು. ಆ ವರ್ಷದ ನವೆಂಬರಿನಲ್ಲಿ ವಾಯುಪಡೆಯ 5ನೇ ಸ್ಕ್ವಾಡ್ರನ್ ಇವುಗಳಿಂದಲೇ ಶುರುವಾಯಿತು. 6ನೇ ಸ್ಕ್ವಾಡ್ರನ್ 1968ರ ತನಕ ಇವನ್ನು ಸಮುದ್ರ ಕಾವಲಿಗೆ ಬಳಸಿತು.

ಕೀ ಬರ್ಡ್ ಹಾರಲೇಬೇಕಾದ ಅಗತ್ಯ ಯಾರಿಗೂ ಇರಲಿಲ್ಲ. ಕಾನ್ಪುರದ ಲಿಬರೇಟರ್‌ಗಳಿಗೆ ಆ ಅಗತ್ಯವಿತ್ತು. ವ್ಯತ್ಯಾಸ ಇರುವುದು ಇಲ್ಲಿ. ಈ ಬಗೆಯ 18 ಸಾವಿರಕ್ಕೂ ಹೆಚ್ಚು ವಿಮಾನಗಳನ್ನು ಅಮೆರಿಕ ಕಟ್ಟಿತ್ತು, ಯುದ್ಧ ಮುಗಿದ ಕೂಡಲೇ ಬಹುಪಾಲು ಗುಜರಿಗೆ ಹಾಕಿತು. ಆದ್ದರಿಂದ ಮ್ಯೂಸಿಯಂಗಳಿಗೆ ಲಿಬರೇಟರ್ ಬೇಕಾದಾಗ ಅವರು ಭಾರತದ ಬಾಗಿಲಿಗೇ ಬರಬೇಕಾಯಿತು. ಕೆನಡಾಕ್ಕೆ 1968ರಲ್ಲಿ, ಅಮೆರಿಕದ ಅರಿಜೋನಾಕ್ಕೆ 1969ರಲ್ಲಿ, ಬ್ರಿಟನ್ನಿಗೆ 1974ರಲ್ಲಿ ಇಲ್ಲಿಂದಲೇ ಹೋದವು. ಆಮೇಲೆ ಅಮೆರಿಕದ ಕಾಲಿಂಗ್ಸ್ ಸಂಸ್ಥೆ ಊರೂರು ಹಾರಿಸಿದ ಲಿಬರೇಟರ್ ಕೂಡ ಇಲ್ಲಿಯದೇ.

ಹೋದ ಮೇಲೆ ಆದದ್ದು ನಮ್ಮ ಗುಡಿಗಳಿಗೆ ಆದದ್ದೇ. ಅರಿಜೋನಾದ್ದಕ್ಕೆ ಅಮೆರಿಕನ್ ಬಣ್ಣ, ಬ್ರಿಟನ್ನಿನದಕ್ಕೆ ಬ್ರಿಟಿಷ್ ಸ್ಕ್ವಾಡ್ರನ್ನಿನ ಬಣ್ಣ, ಕಾಲಿಂಗ್ಸ್‌ನದಕ್ಕೆ ಅಮೆರಿಕನ್ ಹೆಸರುಗಳು ಒಂದಾದ ಮೇಲೊಂದು. ಕಡತಗಳಲ್ಲಿ ಭಾರತದ ಸೇವೆ ದಾಖಲಾಗಿದೆ, ಅದನ್ನು ಯಾರೂ ಮುಚ್ಚಿಟ್ಟಿಲ್ಲ. ಆದರೆ ನೋಡಲು ಬರುವ ಮಗುವಿಗೆ ಕಡತ ಕಾಣುವುದಿಲ್ಲ, ಬಣ್ಣ ಕಾಣುತ್ತದೆ. ಬ್ರಿಟಿಷರು ಎರಡು ವರ್ಷವೂ ಬಳಸದೆ ಕೆಡಿಸಿ ಬಿಟ್ಟ ಯಂತ್ರ, ಇಪ್ಪತ್ತು ವರ್ಷ ಭಾರತೀಯ ವಾಯುಪಡೆಯ ಬಣ್ಣಗಳನ್ನು ಹೊತ್ತು ದುಡಿದು, ಮತ್ತೆ ಬ್ರಿಟಿಷ್ ಬಣ್ಣದಲ್ಲಿ ನಿಂತಿದೆ. ಸಂರಕ್ಷಣೆಯ ಹೆಸರಿನಲ್ಲಿ ಇದು ನಡೆಯಬಾರದಿತ್ತು ಎಂದು ನಾನು ಖಚಿತವಾಗಿ ಹೇಳುತ್ತೇನೆ. ಪೂರ್ತಿ ಬಣ್ಣ ಕೆರೆಯಿರಿ ಎಂದು ಕೇಳುತ್ತಿಲ್ಲ. ಬಾಲದ ಒಂದು ಮಗ್ಗುಲಲ್ಲಿ ಅಂಗೈ ಅಗಲದಷ್ಟು ಜಾಗ ತೆರೆದು, ಕೆಳಗಿನ ಭಾರತೀಯ ಪದರ ಕಾಣುವಂತೆ ಬಿಟ್ಟರೂ ಸಾಕು. ಪಕ್ಕದ ಫಲಕದಲ್ಲಿ ಕಾನ್ಪುರ, ಬೆಂಗಳೂರು ಎಂದು ಎರಡು ಊರಿನ ಹೆಸರು ಬರೆಯಲಿ.

ನಮ್ಮಲ್ಲಿ ದೆಹಲಿಯ ಪಾಲಂ ವಾಯುಪಡೆ ಮ್ಯೂಸಿಯಂನಲ್ಲಿ ಒಂದು ಲಿಬರೇಟರ್ ಇದೆ. ಭಾರತದ ಬಣ್ಣದಲ್ಲೇ ಇದೆ. ಅದನ್ನು ರಾಶಿಯೊಳಗಿಂದ ಎಳೆದು, ಮರಳು ಬಳಿದು ತೆಗೆದು, ಬೇರೆ ಬೇರೆ ಒಡಲುಗಳ ತುಂಡುಗಳನ್ನು ಒಂದಕ್ಕೊಂದು ರಿವೆಟ್ ಹೊಡೆದ ಕಾರ್ಮಿಕರ ಹೆಸರು ಅದರ ಮೇಲೂ ಬರಬೇಕು.